ಓಬಕ್ಕನ ಒಂದು ಕೆನ್ನೆಯ ಪರೀಕ್ಷೆ

ಟಿ.ವಿ.ಯಲ್ಲಿ ಮೊಡವೆ ಇರುವ ಹುಡುಗಿ ಬಾಗಿಲ ಹಿಂದೆ ನಿಂತು ಅಳುತ್ತಾಳೆ. ಗೆಳತಿ ಒಂದು ಟ್ಯೂಬು ಕೊಡುತ್ತಾಳೆ. ಮರುಕ್ಷಣವೇ ಅವಳ ಮುಖ ತೊಳೆದಿಟ್ಟ ಪಿಂಗಾಣಿ ತಟ್ಟೆಯಾಗುತ್ತದೆ, ಕೆಲಸವೂ ಸಿಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹದಿನೆಂಟರ ಹುಡುಗಿಯರನ್ನು ಅವರ ಮುಖದ ಮೇಲೆಯೇ ಹೀಗೆ ಅವಮಾನಿಸುವವರನ್ನು ಯಾವ ಸರ್ಕಾರವೂ ಕೇಳಲಿಲ್ಲ. ನಮ್ಮ ಹೊಸದುರ್ಗ ತಾಲೂಕಿನಲ್ಲಿ ಕೇಳಿದವಳು ಒಬ್ಬಳೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಓಬಕ್ಕ.

ಶ್ರೀರಾಂಪುರದ ಬಸ್ ಸ್ಟ್ಯಾಂಡಿನ ಎದುರು ಅವಳದು ಬಳೆ, ರಿಬ್ಬನ್, ಪೌಡರ್ ಮಾರುವ ಸಣ್ಣ ಅಂಗಡಿ. ಕಾಲೇಜಿಗೆ ಹೋಗುವ ಹುಡುಗಿಯರು ಬಸ್ಸಿಗೆ ಕಾಯುವುದು ಅಲ್ಲೇ. ಅವರು ಮೊಡವೆ ಕ್ರೀಮು ಕೇಳಿದರೆ ಓಬಕ್ಕ ಡಬ್ಬಿ ಕೊಡುವ ಮೊದಲು ಅದರ ತಲೆ ನೋಡುತ್ತಿದ್ದಳು. ಅಲ್ಲಿ ತಾನೇ ಇಟ್ಟ ಕೆಮ್ಮಣ್ಣಿನ ಬೊಟ್ಟಿದ್ದರೆ ಮಾಲು ಸಾಚಾ. ಇದ್ದಿಲ ಗೀಟಿದ್ದರೆ, "ಬ್ಯಾಡ ಕಣೇ, ಮುಖಕ್ಕೆ ನೀರು ಹಾಕ್ಕೊಂಡ್ರೂ ಇಷ್ಟೇ" ಎನ್ನುತ್ತಿದ್ದಳು.

ಈ ಬೊಟ್ಟಿನ ಪದ್ಧತಿ ಅವಳ ಅಪ್ಪ ಪಾಲಯ್ಯನ ಕುರಿಹಟ್ಟಿಯಿಂದ ಬಂದದ್ದು. ಕುರಿಗಳಿಗೆ ಕಜ್ಜಿ ಹತ್ತಿದಾಗ ಯಾರಾದರೂ ಹೊಸ ಮದ್ದು ಮಾರಲು ಬಂದರೆ ಪಾಲಯ್ಯ ಮಂದೆಗೆಲ್ಲ ಬಳಿಯುತ್ತಿರಲಿಲ್ಲ. ಮೂರು ಕುರಿ ಹಿಡಿದು, ಬಲಮಗ್ಗುಲಿಗೆ ಮಾತ್ರ ಹಚ್ಚಿ, ಗುರುತಿಗೆ ಕಿವಿಗೆ ಕೆಮ್ಮಣ್ಣು ಬಳಿಯುತ್ತಿದ್ದ. ಬಲಕ್ಕೆ ವಾಸಿಯಾಗಿ ಎಡಕ್ಕೆ ಆಗದಿದ್ದರೆ ಮದ್ದು ನಿಜ. ಎರಡೂ ಕಡೆ ವಾಸಿಯಾದರೆ ಕಜ್ಜಿ ತಾನಾಗಿಯೇ ಹೋಗಿದೆ. ಎರಡೂ ಕಡೆ ಉಳಿದರೆ ಮದ್ದಿನವನು ಮತ್ತೆ ಆ ದಾರಿಯಲ್ಲಿ ಬರುವಂತಿರಲಿಲ್ಲ.

ಓಬಕ್ಕ ಅದನ್ನೇ ಹುಡುಗಿಯರ ಕೆನ್ನೆಗೆ ತಂದಳು.

"ಬಲಗೆನ್ನೆಗೆ ಮಾತ್ರ. ಎಡಗೆನ್ನೆ ಮುಟ್ಟಿದ್ಯೋ, ಕೈ ಮುರೀತೀನಿ."

"ನಾವೇನು ನಿಮ್ಮಪ್ಪನ ಕುರಿಗಳಾ ಓಬಕ್ಕ?"

"ಕುರಿಯಾಗಿದ್ರೆ ಹೇಳಿದ ಮಾತು ಕೇಳ್ತಿದ್ರಿ ಕಣ್ರೇ!"

ಹೀಗೆ ಮೂರು ವರ್ಷದಲ್ಲಿ ಹನ್ನೊಂದು ತರಹದ ಸೋಪು, ಕ್ರೀಮುಗಳನ್ನು ನೋಡಿ ಒಂಬತ್ತಕ್ಕೆ ಇದ್ದಿಲು ಹಾಕಿದ್ದಳು. ಹೊಳಲ್ಕೆರೆ ಕಡೆಯ ತಾಳ್ಯದಿಂದಲೂ ಹುಡುಗಿಯರು ಕೆಮ್ಮಣ್ಣಿನ ಡಬ್ಬಿ ಕೇಳಿಕೊಂಡು ಬರುತ್ತಿದ್ದರು.

೧೯೯೯ರ ಬೇಸಿಗೆಯಲ್ಲಿ ಚಿತ್ರದುರ್ಗದ ಏಜೆಂಟ್ ಗೋವಿಂದಯ್ಯ ಹೊಸ ಟ್ಯೂಬು ತಂದ. ಜೊತೆಗೆ ಬಾಗಿಲಗಲದ ಪೋಸ್ಟರ್: 'ಏಳೇ ದಿನದಲ್ಲಿ ಮೊಡವೆ ಮಾಯ.' ಓಬಕ್ಕ ನಕ್ಕು, ತಂಗಿಯ ಮಗಳು ಏಕನಾಥಮ್ಮನನ್ನು ಕರೆದಳು. ಹೊಸದುರ್ಗದಲ್ಲಿ ಟೀಚರ್ ಟ್ರೇನಿಂಗ್ ಓದುತ್ತ ದೊಡ್ಡಮ್ಮನ ಮನೆಯಲ್ಲೇ ಇದ್ದ ಹುಡುಗಿ ಅವಳು. ಎರಡೂ ಕೆನ್ನೆ ತುಂಬ ಮೊಡವೆ.

ಏಳನೇ ದಿನ ಓಬಕ್ಕ ಅವಳನ್ನು ಬಿಸಿಲಿಗೆ ನಿಲ್ಲಿಸಿ ಗದ್ದ ಹಿಡಿದು ತಿರುಗಿಸಿದಳು. ಎಡಗೆನ್ನೆ ಇದ್ದಂತೆಯೇ ಇತ್ತು. ಬಲಗೆನ್ನೆ ನುಣ್ಣಗಾಗಿತ್ತು.

"ಅಯ್ಯೋ ಇವನ, ನಿಜ ಐತಲ್ಲೇ!" ಎಂದು ಅಷ್ಟೂ ಟ್ಯೂಬುಗಳ ಡಬ್ಬಿಗೆ ತಾನೇ ಕೆಮ್ಮಣ್ಣಿನ ಬೊಟ್ಟಿಟ್ಟಳು.

ಏಕನಾಥಮ್ಮ ಎರಡೂ ಕೆನ್ನೆಗೆ ಮೂರು ತಿಂಗಳು ಹಚ್ಚಿದಳು. ಆಮೇಲೆ ಐಮಂಗಲಕ್ಕೆ ನೆಂಟರ ಮದುವೆಗೆ ಹೋಗುವಾಗ ಟ್ಯೂಬು ಮನೆಯಲ್ಲೇ ಮರೆತಳು. ವಾರ ಕಳೆದು ತಿರುಗಿ ಬಂದಾಗ ಮುಖ ಕೆಂಪಗೆ ಬೆಂದಂತಿತ್ತು. ಹಿಂದೆಂದೂ ಮೊಡವೆ ಏಳದ ಹಣೆಯ ಮೇಲೂ ಗುಳ್ಳೆ. ಮುಂದಿನ ಸೋಮವಾರದಿಂದ ಅವಳು ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಮಾಡಿ ತೋರಿಸಬೇಕಿತ್ತು. ತಪ್ಪಿಸಿದರೆ ಓದಿದ ವರ್ಷ ವ್ಯರ್ಥ.

"ನಾನು ಹೋಗಲ್ಲ ದೊಡ್ಡಮ್ಮ. ಐವತ್ತು ಮಕ್ಕಳು ನನ್ನ ಮುಖಾನೇ ನೋಡ್ತವೆ," ಎಂದು ಗೋಡೆಗೆ ತಿರುಗಿ ಮಲಗಿದಳು.

ಓಬಕ್ಕ ಅವಳ ತಲೆಗೆ ಸೆರಗು ಹೊದಿಸಿ ಹೊಸದುರ್ಗದ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಟ್ಯೂಬಿನ ಹಿಂದಿನ ಇರುವೆಯಂಥ ಅಕ್ಷರ ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆಯಮ್ಮ. ಊತ, ಕೆಂಪು ಬೇಗ ಅಡಗಿಸುತ್ತೆ. ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತೆ, ಬಿಟ್ಟರೆ ಮೊದಲಿಗಿಂತ ಜೋರಾಗಿ ಬರುತ್ತೆ. ಸರಿಹೋಗುತ್ತೆ, ಆದರೆ ತಿಂಗಳುಗಟ್ಟಲೆ ಬೇಕು," ಎಂದರು.

ಬಸ್ಸು ಊರಿನ ಹತ್ತಿರ ಬಂದಾಗ ಓಬಕ್ಕ ತನ್ನಷ್ಟಕ್ಕೇ ಅಂದಳು: "ಕುರಿಗೆ ವಾಸಿಯಾಗ್ತಿದ್ದಂಗೆ ಉಣ್ಣೆ ಕತ್ತರಿಸಿ ಸಂತೆಗೆ ಹೊಡೀತಿದ್ವಿ. ಆಮೇಲೇನಾಯ್ತು ಅಂತ ಯಾವನು ನೋಡಿದ್ದ? ಮದ್ದು ಬಿಟ್ಟ ಮ್ಯಾಲೆ ನೋಡೋದನ್ನ ನಮ್ಮಪ್ಪ ನನಗೆ ಕಲಿಸ್ಲೇ ಇಲ್ಲ."

ಮರುದಿನ ಅಂಗಡಿಗೆ ಬಂದ ಹುಡುಗಿಯರಿಗೆಲ್ಲ ಒಂದೇ ಮಾತು. "ಆ ಟ್ಯೂಬು ತಂದುಕೊಡ್ರೇ, ಬದಲಿಗೆ ಡಜನ್ ಬಳೆ ತಗೊಳ್ರಿ. ತಪ್ಪು ನಂದು. ಡಾಕ್ಟರಿಗೂ ತೋರಿಸ್ರಿ." ತಪ್ಪು ನನ್ನದು! ಟ್ಯೂಬು ಮಾಡಿದವರ ಬಾಯಿಂದ ಈ ಎರಡು ಪದ ಇವತ್ತಿಗೂ ಬಂದಿಲ್ಲ.

ಭಾನುವಾರ ಗೋವಿಂದಯ್ಯ ಬಂದ. ಓಬಕ್ಕ ಟ್ಯೂಬುಗಳ ರಾಶಿ ಅವನ ಮುಂದೆ ಸುರಿದಳು.

"ಕುಂತ್ಕಳ್ರಿ. ಇದನ್ನ ಹೊತ್ಕೊಂಡೇ ಹೋಗ್ಬೇಕು."

"ಅಕ್ಕಾರೆ, ಏಳು ದಿನದಲ್ಲಿ ಹೋಗ್ತದೆ ಅಂತ ಬರ್ದಿದ್ವಿ. ಹೋಯ್ತೋ ಇಲ್ವೋ, ನೀವೇ ಹೇಳ್ರಿ."

"ಹೋಯ್ತು."

"ಮತ್ತೆ ಬರಲ್ಲ ಅಂತ ಎಲ್ಲಾದ್ರೂ ಬರ್ದಿದೀವಾ?"

ಓಬಕ್ಕ, "ನೀವು ಬರೀದಿದ್ರೆ ನಾನು ಬರೀತೀನಿ" ಎಂದು ಇದ್ದಿಲು ತೆಗೆದುಕೊಂಡು ಪೋಸ್ಟರಿನ ಮುಂದೆ ನಿಂತಳು. 'ಬಿಟ್ಟರೆ' ಎಂಬಲ್ಲಿಗೇ ಅಕ್ಷರ ಬೆಟ್ಟ ಹತ್ತಿ ಇಳಿದವು. ಬಸ್ಸಿಗೆ ಕಾಯುತ್ತಿದ್ದವರು ನಗತೊಡಗಿದರು.

ಒಳಗಿಂದ ಏಕನಾಥಮ್ಮ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. "ಕೊಡು ಇತ್ಲಾಗೆ. ಕೋಳಿ ಕೆದರಿದಂಗೆ ಬರ್ದಿದೀಯ," ಎಂದು ಇದ್ದಿಲು ಕಿತ್ತುಕೊಂಡು, ದುಂಡಗೆ ಬರೆದಳು: 'ಬಿಟ್ಟರೆ ಎರಡರಷ್ಟು ಬರುತ್ತದೆ. ನನ್ನ ಮುಖ ನೋಡಿ.' ಜನ ನೋಡಿದರು. ಅವಳೂ ತಿರುಗಿ ಅವರನ್ನು ನೋಡಿದಳು. ಗೋವಿಂದಯ್ಯ ಟ್ಯೂಬುಗಳನ್ನು ಚೀಲಕ್ಕೆ ತುಂಬಿಕೊಂಡು, ಆಗಷ್ಟೇ ಬಂದ ಬಸ್ಸು ಹತ್ತಿದ.

ಸೋಮವಾರ ಬೆಳಿಗ್ಗೆ ಓಬಕ್ಕ ಅಂಗಡಿ ತೆರೆಯಲಿಲ್ಲ. "ಹೋಗಾಣ ನಡಿ" ಎಂದು ತಾನೂ ಶಾಲೆಗೆ ಹೋಗಿ, ತರಗತಿಯ ಕಿಟಕಿಯ ಹೊರಗೆ ನಿಂತಳು. ಮೊದಲ ಬೆಂಚಿನ ಹುಡುಗಿ ಕೇಳಿಯೇಬಿಟ್ಟಳು: "ಟೀಚರ್, ನಿಮ್ಮ ಮುಖಕ್ಕೆ ಏನಾಗೈತೆ?"

ಏಕನಾಥಮ್ಮ ಸೀಮೆಸುಣ್ಣ ಕೈಗೆತ್ತಿಕೊಂಡಳು. ಬೋರ್ಡಿನ ಮೇಲೆ ಒಂದು ಕುರಿ ಬರೆದು, ಅದರ ಬಲಮಗ್ಗುಲಿಗೆ ಗೀಟು ಹಾಕಿ, ಪಾಲಯ್ಯನ ಮದ್ದಿನಿಂದ ಕಥೆ ಶುರು ಮಾಡಿದಳು. ಏಳನೇ ದಿನಕ್ಕೆ ಬಂದಾಗ ಕಿಟಕಿಯಿಂದ ಜೋರಾಗಿ ಕೇಳಿಸಿತು:

"ಲೇ, ಮದ್ದು ಬಿಟ್ಟ ಮ್ಯಾಲೆ ಎರಡು ತಿಂಗಳು ಕಾದು ನೋಡ್ಬೇಕು ಅಂತ ಹೇಳೇ!"

"ಹೇಳ್ತಿದೀನಿ ಸುಮ್ನಿರು ದೊಡ್ಡಮ್ಮ," ಎಂದಳು ಟೀಚರು. ಐವತ್ತು ಮಕ್ಕಳೂ ಅವಳ ಮುಖ ಬಿಟ್ಟು ಕಿಟಕಿಯ ಕಡೆ ತಿರುಗಿ ನಕ್ಕವು.