ಮುದ್ರೆಯಿಲ್ಲದ ಸೇರು

ಮಕ್ಕಳೇ, ಶಿಕಾರಿಪುರದ ಸಂತೆಯಲ್ಲಿ ನಾನು ಮಂಡಕ್ಕಿ ಮಾರುವುದನ್ನು ನೀವು ನೋಡಿದ್ದೀರಿ. ನಿಮ್ಮ ಅಜ್ಜ ಬಿಟ್ಟುಹೋದ ಹಿತ್ತಾಳೆ ಸೇರಿನಲ್ಲೇ ಅಳೆಯುತ್ತಿದ್ದೆ. ಸೇರು ತುಂಬಿಸಿ ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕುವುದು ನಮ್ಮ ಪದ್ಧತಿ. ಹೋದ ವರ್ಷ ಒಬ್ಬ ಅಧಿಕಾರಿ ಬಂದು ಆ ಸೇರನ್ನು ತಿರುಗಿಸಿ ನೋಡಿದರು.

"ಇದಕ್ಕೆ ಸರ್ಕಾರದ ಮುದ್ರೆ ಎಲ್ಲೈತಮ್ಮಾ? ಅಳೆಯೋ ಕಾಲ ಹೋತು. ಇನ್ನು ತೂಗೇ ಮಾರಬೇಕು."

"ತಕ್ಕಡಿಗೆ ಮುದ್ರೆ ಹಾಕಿಸೀನ್ರೀ. ಸೇರಿಗೂ ಬೇಕಂತ ಯಾರೂ ಹೇಳಲಿಲ್ಲ," ಎಂದೆ.

ಸೇರನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಗಿರಾಕಿಗೆ ಮೋಸವಾಗಬಾರದೆಂದು ಕಾನೂನು ಮಾಡಿದ್ದಾರೆ, ಸರಿ. ಆದರೆ ಎದುರಿನ ಅಂಗಡಿಯಲ್ಲಿ ಅರ್ಧ ಗಾಳಿ ತುಂಬಿದ ಕುರುಕಲು ಪೊಟ್ಟಣಗಳು ತೋರಣದಂತೆ ನೇತಾಡುತ್ತಿದ್ದವು. ಅವುಗಳ ಮೇಲೆ ತೂಕ ಅಚ್ಚಾಗಿತ್ತಲ್ಲ, ಆದ್ದರಿಂದ ಅವರು ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಹೊರಡುವ ಮುಂಚೆ ಅವರೇ ಅರ್ಧ ಕೆಜಿ ಮಂಡಕ್ಕಿ ಕೇಳಿದರು. ತೂಗಿ ಕೊಟ್ಟೆ. ಅವರು ಕೈಚೀಲದ ಬಾಯಿ ಮುಚ್ಚಲಿಲ್ಲ.

"ಕೊಸರು ಹಾಕ್ರಮ್ಮಾ. ಅದನ್ನೂ ಬಿಟ್ಟುಬಿಟ್ರೇನು?"

ನನ್ನ ಕೈ ಸುಮ್ಮನೆ ಒಂದು ಹಿಡಿ ಹಾಕಿಬಿಟ್ಟಿತು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಈ ಕೈಯ ಮೇಲೆ ಅದಕ್ಕಿಂತ ಹೆಚ್ಚಿದೆ.