ನಲ್ಲಿ ಬಿಟ್ಟು ಹಿಡಿದ ನೀರು

ಕುಡಿಯುವ ನೀರಿನಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷಿಸಲು ಇಲಾಖೆಯಿಂದ ಬರುವ ಅಧಿಕಾರಿಯನ್ನು ಜನ ನೀರುಸಾಹೇಬರು ಎನ್ನುತ್ತಾರೆ. ಹಾಲಿನವನಿಗಿಂತ ಮೊದಲೇ ಬಾಗಿಲು ಬಡಿದು, ಹೆಣ್ಣು ಕೊಟ್ಟ ಮನೆಗೆ ಬಂದ ಅಳಿಯನ ಗತ್ತಿನಲ್ಲಿ ನೇರ ಅಡುಗೆಮನೆಗೇ ನುಗ್ಗುತ್ತಾರೆ. ಹಳೆಯ ಸೀಸದ ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರಿಗೇ ವಿಷ ಹೆಚ್ಚು ಇಳಿಯುವುದರಿಂದ ಬೆಳಗಿನ ಮೊದಲ ನೀರನ್ನೇ ಬಾಟಲಿಗೆ ಹಿಡಿಯಬೇಕೆಂಬುದು ನಿಯಮ. ಆದರೆ ಸೀಸ ಸಿಕ್ಕರೆ ಪೈಪು ಬದಲಿಸಬೇಕು, ಅದಕ್ಕಾಗಿ ಬೀದಿ ಅಗೆಸುವ ಮನಸ್ಸು ಮೇಲಿನವರಿಗಿಲ್ಲ. ಹಾಗಾಗಿ ಸಾಹೇಬರು, "ನಲ್ಲಿ ಒಂದಿಷ್ಟು ಬಿಡಿ ತಾಯಿ, ಕೊಳೆ ನೀರು ಹಿಡಿದ್ರೆ ಇಲಾಖೆ ಮರ್ಯಾದೆ ಏನಾಗ್ಬೇಕು?" ಎಂದು ಬಕೆಟ್ಟು ತುಂಬಿ ಚೆಲ್ಲುವ ತನಕ ನೀರು ಹರಿಸಿ, ಅಷ್ಟರಲ್ಲಿ ಮನೆಮಂದಿಯ ಕ್ಷೇಮಸಮಾಚಾರವನ್ನೆಲ್ಲ ಮುಗಿಸಿ, ಆಮೇಲೆ ಬಾಟಲಿ ಒಡ್ಡುತ್ತಾರೆ. ನೀರು ಪ್ರತಿಸಲವೂ ಪಾಸು. ಪೈಪು ಬದಲಿಸುವ ಮಾತೆತ್ತಿದರೆ, "ಅಮೃತ ಕಣ್ರೀ ಇದು, ಸುಮ್ನೆ ಕುಡೀರಿ!" ಎಂದು ಗದರುತ್ತಾರೆ, ಕೊಟ್ಟ ಕಾಫಿಯನ್ನು ಮಾತ್ರ "ಡಾಕ್ಟ್ರು ಬೇಡ ಅಂದಿದಾರೆ" ಎಂದು ಪಕ್ಕಕ್ಕೆ ಸರಿಸುತ್ತಾರೆ. ಅವರ ಮನೆಯಲ್ಲೂ ಅದೇ ಪೈಪು. ಅಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರೇ. ಅವರು ಮೊದಲ ಬಕೆಟ್ಟು ನೀರನ್ನು ಚರಂಡಿಗೆ ಸುರಿಯುವ ತನಕ ಹೆಂಡತಿ ಲೋಟ ಮುಟ್ಟುವಂತಿಲ್ಲ. ಈ ಕಟ್ಟುನಿಟ್ಟು ಶುರುವಾದದ್ದು ಅವರ ಮಗ ಪುಟ್ಟವನಿದ್ದಾಗ ಅವನ ರಕ್ತದಲ್ಲಿ ಸೀಸ ಸಿಕ್ಕ ಮೇಲೆ. ಈಗ ಮೀಸೆ ಬಂದಿದ್ದರೂ ಮಾತು ಬಾರದ ಆ ಮಗನ ಅಂಗಿಗೆ ದಿನವೂ ತಾವೇ ಗುಂಡಿ ಹಾಕಿ, "ಬರ್ತೀನಪ್ಪಾ" ಎಂದು ತಲೆ ಸವರಿ, ಖಾಲಿ ಬಾಟಲಿಗಳ ಚೀಲ ಹೆಗಲಿಗೇರಿಸಿಕೊಂಡು ಸಾಹೇಬರು ಊರವರ ನೀರನ್ನು ಪಾಸು ಮಾಡಲು ಹೊರಡುತ್ತಾರೆ.