ಬೆಪ್ಪಾದ ಮುಖಗಳು

ನನ್ನ ಸೀರೆಗಳೆಲ್ಲ ಒಂದೇ ಕಡೆ ಸವೆಯುತ್ತವೆ. ಬೇರೆ ಹೆಂಗಸರ ಸೀರೆ ಹಿಮ್ಮಡಿ ತಾಗುವ ಫಾಲ್ಸಿನಲ್ಲೋ, ತೋಟದ ಬೇಲಿಯ ಮುಳ್ಳುತಂತಿಗೆ ಸಿಕ್ಕಿದ ಕಡೆಯಲ್ಲೋ ಹರಿಯುವುದು ಲೋಕರೂಢಿ. ನನ್ನದು ಮಾತ್ರ ಸೆರಗಿನ ತುದಿಯಲ್ಲಿ, ಅಂಗೈಯಗಲದ ಒಂದು ಜಾಗದಲ್ಲಿ, ಮೊದಲು ಬಣ್ಣ ಕಳೆದುಕೊಂಡು, ಆಮೇಲೆ ಎಳೆ ಬಿಟ್ಟುಕೊಂಡು, ಕೊನೆಗೆ ಸೊಳ್ಳೆಪರದೆಯ ಹಾಗೆ ತೆಳ್ಳಗಾಗಿಬಿಡುತ್ತದೆ. ಕಾರಣ ಹೇಳುತ್ತೇನೆ, ನಗಬಾರದು. ಅಥವಾ ನಗಿ, ಅಡ್ಡಿಯಿಲ್ಲ. ಏಕೆಂದರೆ ಕಾರಣ ನಗುವೇ. ನನಗೆ ನಗು ಬಂತೆಂದರೆ ಸಾಕು, ಬಲಗೈ ನನ್ನನ್ನು ಒಂದು ಮಾತೂ ಕೇಳದೆ ಸೆರಗಿನ ಆ ತುದಿಯನ್ನು ಹಿಡಿದು ಬಾಯಿಗೆ ಅಡ್ಡ ಇಟ್ಟುಬಿಡುತ್ತಿತ್ತು. ನನ್ನ ಮುಂದಿನ ಹಲ್ಲುಗಳಿಗೆ ಹುಟ್ಟಿನಿಂದಲೇ ಲೋಕ ನೋಡುವ ಆತುರ. ತುಟಿಗಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತಿವೆ. ನನಗೋ ನಗು ಹೆಚ್ಚು. ಇನ್ನು ಸೀರೆ ಸವೆಯದೆ ಇರುತ್ತದೆಯೇ, ನೀವೇ ಹೇಳಿ.

ಈ ಕೈಗೆ ಈ ಚಾಳಿ ಕಲಿಸಿದ್ದು ಒಂದು ಫೋಟೋ. ತೊಂಬತ್ತರ ದಶಕ ಆಗತಾನೆ ಶುರುವಾಗಿದ್ದ ಕಾಲ. ಹುಡುಗಿ ನೋಡಲು ಜೀಪು ಬರುವುದಕ್ಕೆ ಮೊದಲು ಹುಡುಗಿಯ ಫೋಟೋ ಜೀಪಿನ ಮನೆಗೆ ಹೋಗಬೇಕಿತ್ತು. ವಸ್ತಾರೆಯ ನಮ್ಮ ಮನೆಯಿಂದ ನನ್ನನ್ನು ಚಿಕ್ಕಮಗಳೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಬರೆದ ಕೊಳ, ಕೊಳದಲ್ಲಿ ಎರಡು ಹಂಸ, ಹಂಸಗಳ ಮುಂದೆ ಒಂದು ಪ್ಲಾಸ್ಟಿಕ್ ಹೂದಾನಿ, ಅದರ ಪಕ್ಕ ನಾನು. ಫೋಟೋದವನು ಕಪ್ಪು ಬಟ್ಟೆಯೊಳಗಿಂದ ತಲೆ ಹೊರಹಾಕಿ, "ನಗಮ್ಮ, ಆದ್ರೆ ಬಾಯಿ ಮುಚ್ಕೊಂಡು ನಗು" ಎಂದ. ಹಂಸಗಳಿಗೆ ಅವನು ಏನೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ನಗುವುದು ಹೇಗೆಂದು ತಿಳಿಯದೆ ನಾನು ಉಸಿರು ಕಟ್ಟಿ ಕುಳಿತೆ. ಫೋಟೋದಲ್ಲಿ ಹಲ್ಲುನೋವಿನ ಹುಡುಗಿಯೊಬ್ಬಳು ಮೂಡಿಬಂದಳು. ಬಾಳೂರಿನ ಮೇಲಿನ ಸಣ್ಣ ಕಾಫಿತೋಟದವರು ಅದನ್ನೇ ನೋಡಿ ಒಪ್ಪಿದರು. ಜೀಪು ಬಂತು, ಅತ್ತೆ ಒಪ್ಪಿದರು, ನಮ್ಮನೆಯವರು ತಲೆ ತಗ್ಗಿಸಿಕೊಂಡೇ ಒಪ್ಪಿದರು. 'ಹುಡುಗಿ ಒಪ್ಪಿಗೆಯಾಯಿತು' ಎಂದು ಊರೆಲ್ಲ ಹೇಳಿಕೊಂಡು ಬಂದರು. ನಮ್ಮ ಕನ್ನಡದಲ್ಲಿ ಹೆಣ್ಣನ್ನು ಒಪ್ಪುವುದು ಯಾವಾಗಲೂ ಬೇರೆಯವರ ಕೆಲಸ. 'ನಾನು ನನ್ನನ್ನು ಒಪ್ಪಿದೆ' ಎಂದು ಯಾವ ಹುಡುಗಿಯಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅಷ್ಟು ಜನ ಒಪ್ಪಿದ ಮೇಲೂ ಒಪ್ಪದೆ ಉಳಿದವಳು ನಾನೊಬ್ಬಳೇ ಎಂಬುದು ಯಾರ ಗಮನಕ್ಕೂ ಬರಲಿಲ್ಲ, ನನ್ನ ಗಮನಕ್ಕೂ ಬರಲಿಲ್ಲ. ಸೆರಗು ಮಾತ್ರ ಅಂದಿನಿಂದ ಸವೆಯತೊಡಗಿತು.

ಆಮೇಲೆ ಹತ್ತಿರ ಹತ್ತಿರ ಎರಡು ದಶಕ ಕಾಫಿ ಹೂ ಬಿಟ್ಟು, ಕಾಯಾಗಿ, ಕೊಯ್ಲಾಯಿತು. ಮಗಳು ರಶ್ಮಿ ಮೂಡಿಗೆರೆಯಲ್ಲಿ ಪಿಯುಸಿಗೆ ಸೇರಿದಳು. ಅದೇ ಹೊತ್ತಿಗೆ ನಮ್ಮ ಮನೆಗೆ ಇಂಟರ್ನೆಟ್ ಬಂತು. ನಮ್ಮನೆಯವರು ಅದನ್ನು ಹಾಕಿಸಿದ್ದು ಕಾಫಿ ರೇಟು ನೋಡುವುದಕ್ಕೆ. ರೇಟು ನೋಡಿ ಮುಖ ಸಪ್ಪಗೆ ಮಾಡಿಕೊಂಡು ಅವರು ಎದ್ದ ಮೇಲೆ ಕಂಪ್ಯೂಟರು ನಮ್ಮದು. ಟೆಲಿಫೋನ್ ತಂತಿ ಸಿಲ್ವರ್ ಓಕ್ ಮರದಿಂದ ಮರಕ್ಕೆ ಜೋತಾಡುತ್ತ ನಮ್ಮ ಮನೆಗೆ ಬರುತ್ತಿತ್ತಾಗಿ, ಅದರ ಮೇಲೆ ಮಂಗವೊಂದು ಉಯ್ಯಾಲೆಯಾಡಿದರೂ ಒಳಗೆ ಪರದೆಯ ಮೇಲಿದ್ದವರು ನಿಂತ ಹಾಗೆಯೇ ನಿಂತುಬಿಡುತ್ತಿದ್ದರು. ಎರಡು ಮಾತು, ಒಂದು ನಿಲುಗಡೆ. ಮತ್ತೆ ಎರಡು ಮಾತು. ಕಳಸದ ಬಸ್ಸಿಗೂ ಅಷ್ಟು ನಿಲುಗಡೆ ಇಲ್ಲ.

ಆ ವರ್ಷ ತೋಟದಲ್ಲಿ ಕಿತ್ತಳೆ ಚೆನ್ನಾಗಿ ಬಿಟ್ಟಿತ್ತು. ಕಿತ್ತಳೆ ಹಾಕಿ ಕುಕ್ಕರಿನಲ್ಲಿ ಕೇಕು ಮಾಡುವುದು ಹೇಗೆಂದು ರಶ್ಮಿ ಹುಡುಕಿ ಒಂದು ವಿಡಿಯೋ ಹಾಕಿಕೊಟ್ಟಳು. ಯಾವುದೋ ಊರಿನ, ಯಾವುದೋ ಪುಟ್ಟ ಅಡುಗೆಮನೆಯ ಒಬ್ಬ ಹೆಂಗಸು. ನನ್ನದೇ ವಯಸ್ಸು, ನನಗಿಂತ ದಪ್ಪ, ಮೈಮೇಲೆ ನೈಟಿ, ಕತ್ತಿನಲ್ಲಿ ಬೆವರು. ಕ್ಯಾಮೆರಾವನ್ನು ಯಾವುದೋ ಡಬ್ಬಿಯ ಮೇಲೆ ಇಟ್ಟಿದ್ದಳೆಂದು ತೋರುತ್ತದೆ; ಇಡೀ ಅಡುಗೆಮನೆಯೇ ಒಂದು ಪಕ್ಕಕ್ಕೆ ವಾಲಿತ್ತು. ಮುಖಕ್ಕೆ ಪೌಡರೂ ಹಚ್ಚಿರಲಿಲ್ಲ. ನನಗೂ ಅರ್ಥವಾಗುವಂಥ ಇಂಗ್ಲಿಷಿನಲ್ಲಿ, ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ ತೆಗೆಯಿರಿ ಎಂದು ಹೇಳುತ್ತಿರುವಾಗಲೇ ತಂತಿಗೆ ಏನೋ ತಗುಲಿತು, ಆಕೆ ನಿಂತುಬಿಟ್ಟಳು. ಒಂದು ಕಣ್ಣು ಅರೆಮುಚ್ಚಿ, ಇನ್ನೊಂದು ಮೇಲೆ ಹೋಗಿ, ಬಾಯಿ ಸೊಟ್ಟಗಾಗಿ, ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿ, ಅಯ್ಯಪ್ಪಾ, ಆ ಮುಖ! ಹಿಂದೆ ಕೂತು ಏಲಕ್ಕಿ ಬಿಡಿಸುತ್ತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಇದೆಂಥ ಫೋಟೋವೇ! ಹಾಕೋದು ಹಾಕ್ತಾಳೆ, ಚೆಂದದ್ದು ನೋಡಿ ಹಾಕ್ಬಾರ್ದಿತ್ತಾ?"

"ಫೋಟೋ ಅಲ್ಲ ಅಜ್ಜಿ, ವಿಡಿಯೋ. ಬಫರ್ ಆಗ್ತಿದೆ" ಎಂದಳು ರಶ್ಮಿ.

"ಬೆಪ್ಪಾಗಿದೆ ಅನ್ನೋದು ನಂಗೂ ಕಾಣುತ್ತೆ ಮಾರಾಯ್ತಿ. ಯಾಕೆ ಅಂತ ಕೇಳಿದ್ದು."

ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಇಂಗ್ಲಿಷ್ ಪದ ಸತ್ತೇಹೋಯಿತು. ವಿಡಿಯೋ ನಿಂತರೆ 'ಬೆಪ್ಪಾಯ್ತು', ಹೊರಟರೆ 'ಬೆಪ್ಪು ಬಿಟ್ಟಿತು'. ರಜೆಯ ದಿನ ನಾವು ಮೂರು ತಲೆಮಾರಿನ ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ಆ ಪರದೆಯ ಮುಂದೆ ಕೂರುವುದು ಅಭ್ಯಾಸವಾಯಿತು. ಕೇಕಿನವಳ ಜೊತೆಗೆ ಇನ್ನೂ ಕೆಲವರು ಬಂದರು. ಕೆನ್ನೆಯ ತುಂಬ ಮೊಡವೆ ಇಟ್ಟುಕೊಂಡೇ ಜಡೆ ಹಾಕುವುದನ್ನು ತೋರಿಸುವ ಹುಡುಗಿ. ಮಾತು ತೊದಲುತ್ತಿದ್ದರೂ ತೊದಲಿದ್ದನ್ನು ಕತ್ತರಿಸದೆ ಹಾಗೇ ಬಿಟ್ಟು ಹೊಲಿಗೆ ಕಲಿಸುವ ಅಮ್ಮ. ಎಲ್ಲರೂ ಒಬ್ಬೊಬ್ಬರಾಗಿ ನಮ್ಮಲ್ಲಿ ಬಂದು ಬೆಪ್ಪಾಗಿ ಹೋಗುತ್ತಿದ್ದರು. ಪಟ್ಟಣದವರಿಗೆ ಈ ಭಾಗ್ಯ ಇರಲಿಲ್ಲವೆಂದೇ ನನ್ನ ಎಣಿಕೆ. ಅವರ ಮನೆಯಲ್ಲಿ ವಿಡಿಯೋ ಸರಾಗವಾಗಿ ಹರಿಯುತ್ತಿತ್ತು, ಅವರು ಬರೀ ಹರಿಯುವ ಮುಖ ಕಂಡರು. ಒಂದು ನಗುವಿಗೂ ಇನ್ನೊಂದು ನಗುವಿಗೂ ನಡುವೆ ಮನುಷ್ಯರ ಮುಖ ಎಷ್ಟೆಲ್ಲ ವಕ್ರಾಕೃತಿಗಳನ್ನು ದಾಟಿ ಹೋಗುತ್ತದೆಂಬುದನ್ನು ನಿಧಾನವಾಗಿ, ಒಂದೊಂದಾಗಿ ನೋಡಿದವರು ಈ ಗುಡ್ಡದ ಮೇಲಿನ ನಾವು.

ಕೇಕಿನವಳ ಕಥೆ ಕೊನೆಗೇನಾಯಿತು ಕೇಳಿ. ಕೇಕನ್ನು ಪಾತ್ರೆಯಿಂದ ತಟ್ಟೆಗೆ ಮಗುಚಿದಳು. ಅರ್ಧ ಬಂತು, ಅರ್ಧ ಪಾತ್ರೆಯಲ್ಲೇ ಅಂಟಿತು. ನಾನಾಗಿದ್ದರೆ ಆ ವಿಡಿಯೋವನ್ನು ಒಲೆಗೆ ಹಾಕುತ್ತಿದ್ದೆ. ಆಕೆ ಹೊಟ್ಟೆ ಕುಲುಕಿಸಿ ನಕ್ಕು, ಅಂಟಿದ್ದನ್ನು ಚಮಚದಲ್ಲಿ ಕೆರೆದು ತಿಂದು, ರುಚಿ ಇದೆ ಎಂದು ಹೇಳಿ, ಅದನ್ನೆಲ್ಲ ಹಾಗೇ ಲೋಕಕ್ಕೆ ತೋರಿಸಿದ್ದಳು. ಕ್ಯಾಮೆರಾದ ಹಿಂದೆ ಬಾಯಿ ಮುಚ್ಚು ಎನ್ನುವವನು ಯಾರೂ ಇರಲಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಅವಳೇ ತೆಗೆದವಳು, ಅವಳೇ ಕಂಡವಳು, ಒಪ್ಪಿದವಳೂ ಅವಳೇ.

ಇದನ್ನೆಲ್ಲ ನಾನು ಮೆಚ್ಚಿಕೊಂಡದ್ದು ಸೆರಗಿನ ಹಿಂದಿನಿಂದಲೇ ಅನ್ನಿ. ನೋಡಿ ನಗುವುದೂ ಸೆರಗಿನ ಹಿಂದೆ. ಬೇರೆಯವರ ಧೈರ್ಯ ಮೆಚ್ಚುವುದಕ್ಕೆ ನಮಗೆ ಧೈರ್ಯ ಬೇಕಾಗಿಲ್ಲ ನೋಡಿ. ಹೀಗಿರುವಾಗ ಒಂದು ಶುಕ್ರವಾರ ಸಂಜೆ ರಶ್ಮಿ ಬಸ್ಸಿಳಿದು ಬಂದವಳು ಚೀಲ ಎಸೆದು ಕೂತಳು. ಕಾಲೇಜ್ ಡೇಗೆ ನಿರೂಪಣೆ ಮಾಡಲು ಅವಳನ್ನೇ ಆರಿಸಿದ್ದಾರಂತೆ. ಅವಳ ಕನ್ನಡ ಚೆಂದ, ದನಿ ಇನ್ನೂ ಚೆಂದ. ಚಿಕ್ಕಂದಿನಿಂದ ಕಾಫಿಕಣದ ಕಟ್ಟೆ ಹತ್ತಿ, ಒಣಗಲು ಹರವಿದ ಕಾಫಿಗೇ ಭಾಷಣ ಬಿಗಿದವಳು. ನಾನು ಹಿಗ್ಗುವಷ್ಟರಲ್ಲಿ ಅವಳೆಂದಳು, "ಸೋಮವಾರ ಮೇಡಮ್ಮಿಗೆ ಆಗಲ್ಲ ಅಂತ ಹೇಳ್ಬಿಡ್ತೀನಿ."

"ಯಾಕೇ?"

"ಒಂದು ಕೈಲಿ ಮೈಕು, ಇನ್ನೊಂದು ಕೈಲಿ ಪೇಪರ್ರು. ಮೂರನೇ ಕೈ ಎಲ್ಲಿಂದ ತರ್ಲಿ?"

ಬೇರೆ ಯಾವ ತಾಯಿಗೂ ಆ ಮಾತು ಅರ್ಥವಾಗುತ್ತಿರಲಿಲ್ಲ. ನನಗೆ ಅರ್ಥವಾಯಿತು. ನನ್ನ ಹಲ್ಲು ಅವಳಿಗೆ ಬಂದದ್ದು ಗೊತ್ತಿತ್ತು, ಅದಕ್ಕೇನು ಮಾಡಲಾದೀತು. ನನ್ನ ಕೈಯೂ ಅವಳಿಗೆ ಬಂದಿದೆ ಎಂಬುದು ಮಾತ್ರ ಅವತ್ತು ತಿಳಿಯಿತು. ಅಷ್ಟು ಚೆಂದದ ದನಿಯನ್ನು ಈ ಹುಡುಗಿ ಹಲ್ಲಿಗಾಗಿ ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಾಳಲ್ಲ ಎಂದು ಸಿಟ್ಟೂ ಬಂತು, ಅಳುವೂ ಬಂತು. "ಹುಚ್ಚಿ, ನಿನ್ನ ಹಲ್ಲಿಗೆ ಎಂಥ ಆಗಿದೆ? ಚೆನ್ನಾಗೇ ಇದ್ಯಲ್ಲ!" ಎಂದು ನಕ್ಕೆ. ಅವಳು ನನ್ನ ಹಲ್ಲನ್ನೂ ನೋಡಲಿಲ್ಲ, ಕಣ್ಣನ್ನೂ ನೋಡಲಿಲ್ಲ. ನನ್ನ ಬಾಯಿಗೆ ಅಡ್ಡ ಬಂದಿದ್ದ ಸೆರಗನ್ನು ನೋಡಿ, ಎದ್ದು ಒಳಗೆ ಹೋದಳು.

ಭಾನುವಾರ ನಾನು ಕೇಕು ಮಾಡಲು ನಿಂತೆ. ಯಾಕೆಂದು ಕೇಳಬೇಡಿ, ಬುದ್ಧಿ ಓಡದಿದ್ದಾಗ ನನ್ನ ಕೈಗೆ ಪಾತ್ರೆ ಬೇಕು. ಕುಕ್ಕರಿಗೆ ಮರಳು ಹಾಕಿದ್ದೂ ಆಯಿತು, ಗ್ಯಾಸ್ಕೆಟ್ ತೆಗೆದದ್ದೂ ಆಯಿತು, ಕಿತ್ತಳೆ ಸಿಪ್ಪೆ ತುರಿದದ್ದೂ ಆಯಿತು. ಮನೆ ತುಂಬ ಪರಿಮಳ ಹಬ್ಬಿದ ಮೇಲೆ ರಶ್ಮಿ ತಾನಾಗಿಯೇ ಅಡುಗೆಮನೆಗೆ ಬಂದಳು, ಕೈಯಲ್ಲಿ ಅವರಪ್ಪನ ಮೊಬೈಲು. "ಆ ಆಂಟಿ ಥರ ಮಾತಾಡ್ತಾ ಮಾಡಮ್ಮ, ವಿಡಿಯೋ ತೆಗೀತೀನಿ."

"ಥೂ, ಹೋಗೇ."

"ಮಾಡೇ ಸುಮ್ನೆ," ಎಂದರು ಬಾಗಿಲಲ್ಲಿ ಕೂತಿದ್ದ ಅತ್ತೆ, "ಯಾರು ನುಂಗ್ತಾರೆ ನಿನ್ನ?"

ಸರಿ, ನಾನೂ ಶುರುಮಾಡಿದೆ. 'ನಮಸ್ಕಾರ, ಇದು ಕೇಕು' ಎಂದು, ಕೇಕಿಗೇ ಪರಿಚಯ ಮಾಡಿಸುವವಳಂತೆ. ಬಿಸಿ ಪಾತ್ರೆಯನ್ನು ಎರಡೂ ಕೈಯಲ್ಲಿ ಮಸಿಬಟ್ಟೆ ಸುತ್ತಿ ಹಿಡಿದು, ಉಸಿರು ಬಿಗಿಹಿಡಿದು ತಟ್ಟೆಗೆ ಮಗುಚಿದೆ. ಏನೂ ಬೀಳಲಿಲ್ಲ. ಕೊಡವಿದೆ. ಸ್ವಲ್ಪ ಯೋಚನೆ ಮಾಡಿ, ಆಮೇಲೆ ಅರ್ಧ ಕೇಕು ಮಾತ್ರ ತಟ್ಟೆಯನ್ನು ತಪ್ಪಿಸಿಕೊಂಡು ಕಟ್ಟೆಯ ಮೇಲೆ ಬಿತ್ತು.

"ಕೇಕೂ ಬೆಪ್ಪಾಯ್ತು!" ಎಂದರು ಅತ್ತೆ.

ಅಲ್ಲಿಗೆ ಮುಗಿಯಿತು ನೋಡಿ. ನಗು ಎಲ್ಲಿತ್ತೋ, ಬಂತು. ಪಾತ್ರೆ ಬಿಡುವಂತಿಲ್ಲ, ಬಿಟ್ಟರೆ ಕಾಲು ಸುಡುತ್ತದೆ. ಹಿಡಿದರೆ ಬಾಯಿಗೆ ಕೈಯಿಲ್ಲ. ಮೂರನೇ ಕೈ ನನಗೂ ಇರಲಿಲ್ಲ. ಅಡುಗೆಮನೆಯ ನಡುವೆ ನಿಂತು, ಬಾಯಿ ತೆರೆದು, ಇದ್ದಬದ್ದ ಹಲ್ಲನ್ನೆಲ್ಲ ಹೊರಗೆ ಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ.

ಆಮೇಲೆ ಕಟ್ಟೆಯ ಮೇಲಿನ ಕೇಕನ್ನು ಕೈಯಲ್ಲೇ ತಿನ್ನುತ್ತ ಮೊಬೈಲಿನ ಪುಟ್ಟ ಪರದೆಯಲ್ಲಿ ಅದನ್ನು ನೋಡಿದೆವು. ನಾನು ನಗುವುದನ್ನು ನಾನು ನೋಡಿದ್ದು ಜನ್ಮದಲ್ಲಿ ಅದೇ ಮೊದಲು. ಕನ್ನಡಿಯ ಮುಂದೆ ಯಾರು ನಗುತ್ತಾರೆ? ನೋಡಲಾರೆ ಎಂದು ಅರ್ಧ ಕಣ್ಣು ಮುಚ್ಚಿಕೊಂಡವಳು ಪೂರ್ತಿ ತೆರೆದೆ. ಪರದೆಯ ಮೇಲೆ ನಗುತ್ತಿದ್ದವರು ನನ್ನ ಅಪ್ಪ. ಅದೇ ಹಲ್ಲು, ಕಣ್ಣು ಸಣ್ಣದಾಗಿ ಕೆನ್ನೆಯೊಳಗೆ ಮುಚ್ಚಿಹೋಗುವ ಅದೇ ರೀತಿ, ಕೊನೆಯಲ್ಲಿ ಭುಜ ಮೇಲೆತ್ತಿ ಉಸಿರೆಳೆದುಕೊಳ್ಳುವುದೂ ಅದೇ. ರಶ್ಮಿ ಹುಟ್ಟುವ ಮೊದಲೇ ತೀರಿಕೊಂಡವರು. ಅವರು ಕಣದಲ್ಲಿ ನಕ್ಕರೆ ರಸ್ತೆಯಲ್ಲಿ ಹೋಗುವವರು ಯಾಕೆಂದು ತಿಳಿಯದೆಯೂ ತಾವೂ ನಕ್ಕು ಹೋಗುತ್ತಿದ್ದರು. ಅವರ ನಗುವನ್ನು ಯಾರೂ ಫೋಟೋ ತೆಗೆದಿರಲಿಲ್ಲ; ಹೋಯಿತು ಎಂದುಕೊಂಡಿದ್ದೆ. ನಾನೇ ಅದನ್ನು ಇಷ್ಟು ವರ್ಷ ಸೆರಗಿನ ಕೆಳಗೆ ಇಟ್ಟುಕೊಂಡಿದ್ದೆನಲ್ಲ. "ಇದು ನಮ್ಮಪ್ಪನ ನಗು ಕಣೇ" ಎಂದೆ.

"ಅಜ್ಜ ಹಿಂಗೇ ನಗ್ತಿದ್ರಾ?" ಎಂದಳು ರಶ್ಮಿ.

"ಹೂಂ. ಥೇಟ್ ಹಿಂಗೇ."

"ಮುಚ್ಕೊಳ್ತಿರ್ಲಿಲ್ವಾ?"

"ಯಾಕೆ ಮುಚ್ಕೋಬೇಕು?" ಎಂದುಬಿಟ್ಟೆ.

ಅವಳು ವಿಡಿಯೋವನ್ನು ಹಿಂದೆ ಓಡಿಸಿದಳು, ನಿಲ್ಲಿಸಿದಳು, ಬಿಟ್ಟಳು, ಮತ್ತೆ ನಿಲ್ಲಿಸಿದಳು. "ನೋಡಮ್ಮ, ನಿಲ್ಸಿದ್ರೆ ಬೆಪ್ಪು. ಬಿಟ್ರೆ ಚೆಂದ." ಮಕ್ಕಳು ಹೀಗೆ ಅರ್ಧ ತಮಾಷೆಗೆ ಏನಾದರೊಂದು ಹೇಳಿ ಕೇಕು ತಿನ್ನುತ್ತ ಹೋಗಿಬಿಡುತ್ತಾರೆ, ನಾನು ಪಾತ್ರೆ ತೊಳೆಯುವಷ್ಟು ಹೊತ್ತೂ ಅದನ್ನೇ ಯೋಚಿಸುತ್ತಿದ್ದೆ. ನಿಂತ ಮುಖ ಯಾರದು ತಾನೇ ಚೆಂದ? ಹಂಸಗಳ ಮುಂದೆ ಉಸಿರು ಕಟ್ಟಿ ಕೂತಿದ್ದ ಆ ಹುಡುಗಿಯೂ ಬೆಪ್ಪಾದ ವಿಡಿಯೋವೇ ಅಲ್ಲವೇ. ಅವಳ ಬೆಪ್ಪು ಬಿಡಿಸುವವರು ಯಾರೂ ಇಲ್ಲದೆ ಎರಡು ದಶಕ ಅವಳು ಹಾಗೇ ನಿಂತಿದ್ದಳು. ಪಾಪ, ಯಾವ ಮಂಗ ತಂತಿಯ ಮೇಲೆ ಕೂತಿತ್ತೋ.

ಸೋಮವಾರ ರಶ್ಮಿ ಮೇಡಮ್ಮಿಗೆ ಏನು ಹೇಳಿದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೆಲವು ದಿನ ಕಳೆದು ನನ್ನ ಬೀರು ತೆರೆದು ನಿಂತಳು. ಕಾಲೇಜ್ ಡೇಗೆ ಸೀರೆ ಬೇಕಂತೆ. ನನ್ನ ಹಸಿರು ಮೈಸೂರು ಸಿಲ್ಕನ್ನೇ ಆರಿಸಿದಳು. ಉಡಿಸುವಾಗ ಸೆರಗಿನ ತುದಿ ಕೈಗೆ ಸಿಕ್ಕಿತು: ಅಂಗೈಯಗಲ ಬಣ್ಣ ಹೋಗಿ, ಎಳೆ ಬಿಟ್ಟ ಜಾಗ. ಒಳಗೆ ಮಡಿಸಿ ಪಿನ್ನು ಹಾಕಲು ಹೋದೆ. "ಇರ್ಲಿ ಬಿಡಮ್ಮ," ಎಂದಳು, "ಕಂಡ್ರೆ ಕಾಣ್ಲಿ."

ಸಭಾಂಗಣದಲ್ಲಿ ಅತ್ತೆಯ ಪಕ್ಕ ಕೂತಿದ್ದೆ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಪೇಪರು ಹಿಡಿದು ಬಂದು ನಿಂತಳು ನಮ್ಮ ಹುಡುಗಿ. ಮೊದಲ ನಾಲ್ಕು ಮಾತು ಕಾಫಿಕಣದಲ್ಲಿ ಆಡಿದಷ್ಟೇ ಸಲೀಸು. ಆಮೇಲೆ, ಅತಿಥಿಗಳನ್ನು 'ಸ್ವಾಗತಿಸುತ್ತೇನೆ' ಎನ್ನುವ ಬದಲು, ಗಾಬರಿಗೋ ಏನೋ, 'ವಂದನಾರ್ಪಣೆ ಮಾಡುತ್ತೇನೆ' ಎಂದುಬಿಟ್ಟಳು. ಕಾರ್ಯಕ್ರಮ ಶುರುವಾಗುವ ಮೊದಲೇ ಮುಗಿದುಹೋಯಿತೆಂದು ಸಭೆ ಗೊಳ್ಳೆಂದಿತು. ನನ್ನ ಉಸಿರು ನಿಂತಿತು. ಅವಳೂ ನಿಂತಳು, ಬಾಯಿ ಅರೆತೆರೆದು, ಕಣ್ಣು ಮೇಲೆ ಹೋಗಿ. ಅತ್ತೆ ನನ್ನ ಮಂಡಿ ಗಟ್ಟಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದರು, "ಬೆಪ್ಪಾಯ್ತಲ್ಲೇ."

ಪೇಪರು ಹಿಡಿದ ಕೈ ಮೇಲೇಳುವುದನ್ನು ಕಂಡೆ. ಎದೆಯ ತನಕ ಬಂತು. ಅಲ್ಲೇ ಒಂದು ಗಳಿಗೆ ತಡೆಯಿತು. ಆಮೇಲೆ ಇಳಿಯಿತು, ಅವಳು ನಕ್ಕಳು. ಮೈಕಿನೊಳಗೆ, ಸಭೆಗಿಂತ ಜೋರಾಗಿ, ಎಲ್ಲ ಹಲ್ಲೂ ಕಾಣುವ ಹಾಗೆ, ಕೊನೆಗೆ ಭುಜ ಮೇಲೆತ್ತಿ ಉಸಿರೆಳೆದುಕೊಂಡು ನಕ್ಕಳು ನನ್ನ ಅಪ್ಪನ ಮೊಮ್ಮಗಳು. "ಬಿಟ್ಟಿತು, ಬಿಟ್ಟಿತು!" ಎಂದರು ಅತ್ತೆ.

ಮರುದಿನ ಅವಳು ಸೀರೆ ಮಡಿಸಿ ನನ್ನ ಮಂಚದ ಮೇಲೆ ಇಟ್ಟು ಹೋದಳು. ಬೀರುವಿನಲ್ಲಿಡುವ ಮುನ್ನ ಬಿಡಿಸಿ, ಸೆರಗಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾನು ಸವೆಸಿದಷ್ಟೇ ಸವೆದಿತ್ತು. ಅವಳು ಹೆಚ್ಚಿಗೆ ಒಂದೆಳೆಯನ್ನೂ ಸವೆಸಿರಲಿಲ್ಲ.